ಕ್ಲಚ್ ತಟ್ಟೆಗಳ ನಡುವಿನ ಸಂದು

ಹುಮನಾಬಾದ್, ಬಸವಕಲ್ಯಾಣ ಸೀಮೆಯವರಾದ ನಮಗೆ ಮೋಟಾರು ದುರಸ್ತಿ ಹೊಸ ವಿಷಯವಲ್ಲ. ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮ ನೆಲವನ್ನೇ ಹಾದುಹೋಗುತ್ತದೆ. ಲಾರಿಗಳ ಕೆಲಸಕ್ಕೆ ಬಸವಕಲ್ಯಾಣದ ಆಟೋನಗರ ಹೆಸರಾಗಿದೆ. ನಿರ್ಣಾ ಹಾಗೂ ಸುತ್ತಲಿನ ಹಳ್ಳಿಗಳಿಂದ ಶಾಲೆ ಮುಗಿಸಿ ಹೋದ ಹುಡುಗರಲ್ಲಿ ಕೆಲವರು ಪಾನಾ ಹಿಡಿದೇ ಸಂಸಾರ ಕಟ್ಟಿಕೊಂಡಿದ್ದಾರೆ. ಈಗ ಅವರ ಮುಂದೆ ಹೊಸ ಬಗೆಯ ಕಾರು ಬಂದು ನಿಲ್ಲುತ್ತಿದೆ: ಕ್ಲಚ್ ಪೆಡಲ್ ಇಲ್ಲದ, ತಾನಾಗಿ ಗೇರು ಬದಲಿಸುವ ಕಾರು. ಅದರ ಗೇರ್ ಬಾಕ್ಸನ್ನು ಬಿಚ್ಚಿ ಮರಳಿ ಜೋಡಿಸುವಾಗ ಕ್ಲಚ್ ತಟ್ಟೆಗಳಿಗೆ ಬಿಡಬೇಕಾದ ಮಿಲಿಮೀಟರ್ ಲೆಕ್ಕದ ಸಂದೊಂದಿದೆ. ಅದರ ಹಿಂದಿನ ಚರಿತ್ರೆಯನ್ನು ತಿಳಿದರೆ ಅದರ ಮಹತ್ವವೂ ತಿಳಿಯುತ್ತದೆ.

ಬೀದರ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1932ರಲ್ಲಿ, ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ವಿಭಾಗವು 27 ಬಸ್ಸುಗಳೊಡನೆ ಆರಂಭವಾಯಿತು. ಆ ಯುಗದ ಗೇರ್ ಬಾಕ್ಸು ಸುಲಭವಾಗಿ ಒಲಿಯುವಂಥದಲ್ಲ. ಚಾಲಕನು ಕ್ಲಚ್ ಒತ್ತಿ ಬಿಟ್ಟು, ಮತ್ತೆ ಒತ್ತಿ, ಇಂಜಿನ್ನಿನ ದನಿಯನ್ನು ಆಲಿಸಿ ಗೇರು ಹಾಕಬೇಕಿತ್ತು. ತಪ್ಪಿದರೆ ಹಲ್ಲುಗಾಲಿಗಳು ಕರಕರನೆ ಕೂಗುತ್ತಿದ್ದವು. ಚಾಲಕನಿಗೂ ಮಿಸ್ತ್ರಿಗೂ ಕಿವಿಯೇ ಅಳತೆಗೋಲು.

ಈ ಕಷ್ಟವನ್ನು ತಪ್ಪಿಸುವ ಯತ್ನಗಳು ಪಶ್ಚಿಮದಲ್ಲಿ ಅದಕ್ಕೂ ಮೊದಲೇ ನಡೆದಿದ್ದವು. 1905ರಲ್ಲಿ ಜರ್ಮನಿಯ ಹರ್ಮನ್ ಫಟಿಂಗರ್ ದ್ರವದ ಮೂಲಕವೇ ಶಕ್ತಿಯನ್ನು ಸಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯಲ್ಲಿ ತಿರುಗುವ ಬಹುತಟ್ಟೆಯ ಕ್ಲಚ್ ಇತ್ತು. ಇಂಥ ಎಳೆಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ್ದು ಅಮೆರಿಕದ ಜನರಲ್ ಮೋಟರ್ಸ್. 1939ರಲ್ಲಿ ಅದು ಹೊರತಂದ 'ಹೈಡ್ರಾಮ್ಯಾಟಿಕ್' ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಸಂಪೂರ್ಣ ಸ್ವಯಂಚಾಲಿತ ಗೇರ್ ಬಾಕ್ಸು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಅರ್ಲ್ ಥಾಂಪ್ಸನ್. ಗೇರಿನ ಕರಕರ ಸದ್ದನ್ನಡಗಿಸಿದ ಸಿಂಕ್ರೊಮೆಶ್ ವ್ಯವಸ್ಥೆಯೂ ಈತನದೇ. ಎರಡನೆಯ ಮಹಾಯುದ್ಧದಲ್ಲಿ ಹೈಡ್ರಾಮ್ಯಾಟಿಕ್ ಅಮೆರಿಕದ ಹಗುರ ಟ್ಯಾಂಕುಗಳಲ್ಲೂ ದುಡಿಯಿತು.

ಅದರೊಳಗಿನ ಕ್ಲಚ್ಚಿನ ರಚನೆ ಇಂದಿಗೂ ಮೂಲತಃ ಬದಲಾಗಿಲ್ಲ. ಒಂದು ಡ್ರಮ್ಮಿನೊಳಗೆ ಉಕ್ಕಿನ ತಟ್ಟೆ, ಘರ್ಷಣೆಯ ಲೇಪವಿರುವ ತಟ್ಟೆ ಹೀಗೆ ಒಂದರ ಮೇಲೊಂದು ಜೋಡಣೆ. ತಳದಲ್ಲಿ ಪಿಸ್ಟನ್, ಮೇಲೆ ದಪ್ಪನೆಯ ಒತ್ತು ತಟ್ಟೆ, ಎಲ್ಲವನ್ನೂ ಹಿಡಿದಿಡಲು ಒಂದು ಸರ್ಕ್ಲಿಪ್. ಎಣ್ಣೆಯ ಒತ್ತಡ ಬಂದಾಗ ಪಿಸ್ಟನ್ ತಟ್ಟೆಗಳನ್ನು ಅದುಮುತ್ತದೆ, ಅವೆಲ್ಲ ಒಂದಾಗಿ ತಿರುಗುತ್ತವೆ. ಒತ್ತಡ ಇಳಿದಾಗ ಸ್ಪ್ರಿಂಗುಗಳು ಪಿಸ್ಟನ್ನನ್ನು ಹಿಂದೆ ತಳ್ಳುತ್ತವೆ, ತಟ್ಟೆಗಳು ಬಿಡುಗಡೆಯಾಗುತ್ತವೆ.

ಈ ಬಗೆಯ ತಟ್ಟೆಗಳ ಪರಿಚಯ ನಮ್ಮ ನಾಡಿಗೆ ಮೋಟಾರ್ ಸೈಕಲ್ಲಿನ ಮೂಲಕ ಮೊದಲೇ ಆಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಮುಂದೆ ಯೆಜ್ಡಿ ಗಾಡಿಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಆ ಗಾಡಿಗಳಲ್ಲಿ ಎಣ್ಣೆಯಲ್ಲಿ ತೋಯ್ದ ಬಹುತಟ್ಟೆಯ ಕ್ಲಚ್ ಇದ್ದುದಷ್ಟೇ ಅಲ್ಲ, ಗೇರಿನ ಪೆಡಲನ್ನು ತುಳಿದೊಡನೆ ಕ್ಲಚ್ ತಾನಾಗಿಯೇ ಬಿಡುವ ಅನುಕೂಲವೂ ಇತ್ತು. ಅರೆ ಸ್ವಯಂಚಾಲಿತ ವ್ಯವಸ್ಥೆಯೆಂದರೆ ಇದೇ. ಬೆಂಗಳೂರಿನಲ್ಲಿ 2006ರ ಸುಮಾರಿಗೆ ಓಡಾಡತೊಡಗಿದ ವೋಲ್ವೋ ನಗರ ಬಸ್ಸುಗಳಲ್ಲಂತೂ ಕ್ಲಚ್ ಪೆಡಲೇ ಇರಲಿಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ತಂದ 'ಎ.ಎಂ.ಟಿ.' ಮಾತ್ರ ಬೇರೆ ಜಾತಿಯದು. ಅದರಲ್ಲಿರುವುದು ಸಾಮಾನ್ಯ ಒಣ ಕ್ಲಚ್. ಕಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಆದ್ದರಿಂದ ಪೆಡಲ್ ಇಲ್ಲದ ಗಾಡಿಗಳೆಲ್ಲ ಒಂದೇ ಎಂದು ಮಿಸ್ತ್ರಿ ಭಾವಿಸಬಾರದು.

ಈಗ ಸಂದಿನ ವಿಚಾರಕ್ಕೆ ಬರೋಣ. ಸಂದು ಕಡಿಮೆಯಾದರೆ ಬಿಡುಗಡೆಯಾದಾಗಲೂ ತಟ್ಟೆಗಳು ಒಂದಕ್ಕೊಂದು ಉಜ್ಜಿ ಕಾಯುತ್ತವೆ, ಲೇಪ ಸುಟ್ಟು ಎಣ್ಣೆ ಕಪ್ಪಾಗುತ್ತದೆ. ಹೆಚ್ಚಾದರೆ ಪಿಸ್ಟನ್ ದೂರ ಸಾಗಬೇಕಾಗಿ ಗೇರು ತಡವಾಗಿ ಹಿಡಿಯುತ್ತದೆ, ಹಿಡಿದಾಗ ಗಾಡಿ ಜಗ್ಗುತ್ತದೆ. ಹೀಗಾಗಿ ಹೊಸ ಲೇಪದ ತಟ್ಟೆಗಳನ್ನು ಮೊದಲು ಅದೇ ಗೇರ್ ಎಣ್ಣೆಯಲ್ಲಿ ನೆನೆಸಿ, ಎಲ್ಲವನ್ನೂ ಕ್ರಮವಾಗಿ ಜೋಡಿಸಿ, ಸರ್ಕ್ಲಿಪ್ ಕೂರಿಸಿದ ಮೇಲೆ ಒತ್ತು ತಟ್ಟೆಗೂ ಸರ್ಕ್ಲಿಪ್ಪಿಗೂ ನಡುವೆ ಫೀಲರ್ ಗೇಜ್ ತೂರಿಸಿ ಅಳೆಯುತ್ತಾರೆ. ಅಲೆಯಾಕಾರದ ತಟ್ಟೆಯಿದ್ದರೆ ಅದು ಅದುಮಿ ಚಪ್ಪಟೆಯಾಗದಂತೆ ಎಚ್ಚರ ವಹಿಸಬೇಕು. ಪ್ರತಿ ಲೇಪದ ತಟ್ಟೆಗೆ ಸುಮಾರು 0.25 ಮಿ.ಮೀ. ಎಂಬುದು ಮಿಸ್ತ್ರಿಗಳಲ್ಲಿ ಬಳಕೆಯಲ್ಲಿರುವ ಅಂದಾಜು. ಆದರೆ ಆಯಾ ಗೇರ್ ಬಾಕ್ಸಿನ ಕೈಪಿಡಿ ಹೇಳಿದ ಅಳತೆಯೇ ಅಂತಿಮ. ನಮ್ಮ ಶಾಲೆಯ ಲೆಕ್ಕದಂತೆ ನೋಡೋಣ: ಐದು ತಟ್ಟೆಗಳಿಗೆ 1.25 ಮಿ.ಮೀ. ಬೇಕು. ಗೇಜ್ 1.75 ತೋರಿಸಿದರೆ 0.50 ಹೆಚ್ಚಾಯಿತು. ಆಗ ಅಷ್ಟೇ ಹೆಚ್ಚು ದಪ್ಪವಿರುವ ಒತ್ತು ತಟ್ಟೆಯನ್ನೋ ಸರ್ಕ್ಲಿಪ್ಪನ್ನೋ ಹಾಕಿ ಮತ್ತೊಮ್ಮೆ ಅಳೆಯಬೇಕು. ನಾಲ್ಕನೆಯ ತರಗತಿಯ ವ್ಯವಕಲನ ಸಾಕು. ಆದರೆ ಅದನ್ನು ಬಿಟ್ಟರೆ ಇಡೀ ಪೆಟ್ಟಿಗೆಯನ್ನು ಮತ್ತೆ ಇಳಿಸಬೇಕಾಗುತ್ತದೆ. ಆ ಎರಡನೆಯ ಕೂಲಿಯನ್ನು ಯಾವ ಗಿರಾಕಿಯೂ ಕೊಡುವುದಿಲ್ಲ. ಕೂಲಿಯ ಜೊತೆಗೆ ಮಿಸ್ತ್ರಿಯ ಹೆಸರೂ ಹೋಗುತ್ತದೆ.

ಹಳೆಯ ಮಿಸ್ತ್ರಿಗಳ ಕಿವಿ, ಕೈಗಳ ಅನುಭವವನ್ನು ನಾನು ಕಡೆಗಣಿಸುತ್ತಿಲ್ಲ. ಲಾರಿಯ ಕ್ಲಚ್ಚಿನಲ್ಲಿ ಪೆಡಲಿನ ಸಡಿಲವನ್ನು ಕಾಲಿನಿಂದಲೇ ತಿಳಿದು ಸರಿಪಡಿಸಬಹುದಿತ್ತು, ತಪ್ಪಿದರೆ ಹೊರಗಿನಿಂದಲೇ ತಿದ್ದಬಹುದಿತ್ತು. ಮುಚ್ಚಿದ ಡ್ರಮ್ಮಿನೊಳಗಿನ ಸಂದು ಕಾಲಿಗೂ ಕಿವಿಗೂ ಎಟುಕದು. ಚರಿತ್ರೆಯಲ್ಲಿ ಆದ ಬದಲಾವಣೆ ಇಷ್ಟೇ: ಚಾಲಕನ ಕಾಲಿನಲ್ಲಿದ್ದ ಜಾಣ್ಮೆ ಪೆಟ್ಟಿಗೆಯೊಳಗೆ ಸೇರಿತು, ಪೆಟ್ಟಿಗೆಯನ್ನು ಕಟ್ಟುವವನ ಮೇಲೆ ಅಳತೆಯ ಹೊಣೆ ಬಿತ್ತು. ಕೈಪಿಡಿ ಇಂಗ್ಲಿಷಿನಲ್ಲಿದೆ ಎಂದು ನಮ್ಮ ಹುಡುಗರು ಹಿಂಜರಿಯಬೇಕಿಲ್ಲ. ಅದರಲ್ಲಿನ ಅಂಕಿಗಳು ಗೇಜಿನ ಮೇಲಿರುವ ಅಂಕಿಗಳೇ, ಅವನ್ನು ಓದಲು ಕನ್ನಡ ಶಾಲೆಯಲ್ಲಿ ಕಲಿತ ಗಣಿತ ಧಾರಾಳವಾಗಿ ಸಾಲುತ್ತದೆ. ಈ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಅನುಭವವನ್ನು ಬರೆದು ತಿಳಿಸಿದರೆ ಸಂತೋಷ.