ಹಳೇ ಜೀಪು, ಹಳದಿ ಬೋರ್ಡು

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ "ಅಣ್ಣ, ಒಂದು ಜೀಪು ನೋಡಿದೀನಿ, ಮುಡಿಗೆರೆಯಲ್ಲಿದೆ. ನೀನೂ ಒಂದ್ಸಲ ಬಂದು ನೋಡು" ಅಂದ. ಕಳಸದ ಹತ್ತಿರ ಅವನಿಗೆ ಎರಡೆಕರೆ ಕಾಫಿ ಇದೆ, ಜೊತೆಗೆ ಸ್ವಲ್ಪ ಅಡಿಕೆ, ಮೆಣಸು. ಅದರಲ್ಲಿ ಮನೆ ನಡೆಯೋದು ಕಷ್ಟ. ಶನಿವಾರ ಭಾನುವಾರ ಕುದುರೆಮುಖ ಹತ್ತೋಕೆ ಬರೋರನ್ನ ಬಾಳೆಗಲ್‌ನಿಂದ ಮುಳ್ಳೋಡಿಗೆ ಬಿಟ್ಟು ಬಂದರೂ ಸಾಕು, ಸಾಲದ ಕಂತು ಹುಟ್ಟುತ್ತೆ ಅಂತ ಅವನ ಲೆಕ್ಕ. ಕೈಯಲ್ಲಿದ್ದ ದುಡ್ಡು ಸಾಲದೆ ಚಿಕ್ಕಮ್ಮನ ಬಳೆ ಅಡ ಇಡೋ ಮಾತೂ ಆಗಿತ್ತು.

ನನ್ನನ್ನ ಕರೆದದ್ದು ಇಂಜಿನಿಯರ್ ಅಂತ. ನಾನು ದಿನವಿಡೀ ಬರೆಯೋದು ಜಾವಾ. ಬಾನೆಟ್ ಎತ್ತಿದರೆ ಬ್ಯಾಟರಿ ಬಿಟ್ಟು ಬೇರೇನೂ ನನಗೆ ಗುರುತು ಸಿಗೋಲ್ಲ :-) ಮರ್ಯಾದೆ ಉಳಿಸಿಕೊಳ್ಳೋಣ ಅಂತ ರಾತ್ರಿ ಕೂತು ಜೀಪಿನ ಚರಿತ್ರೆ ಓದಿದೆ.

1940ರಲ್ಲಿ ಅಮೆರಿಕದ ಸೇನೆಗೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ, ಹಗುರಾದ, ಪುಟ್ಟ ಗಾಡಿಯೊಂದು ಬೇಕಿತ್ತು. ಮಾದರಿ ಮಾಡಿಕೊಡೋಕೆ ಕೊಟ್ಟ ಗಡುವು ಬರೀ 49 ದಿನ. ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಸೆಪ್ಟೆಂಬರ್ 23ಕ್ಕೆ ತಂದು ನಿಲ್ಲಿಸಿತು. ಆದರೆ ದೊಡ್ಡ ಆರ್ಡರ್ ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯೋ ಹೊತ್ತಿಗೆ ಇಬ್ಬರೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. 2.2 ಲೀಟರಿನ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 80 ಇಂಚು, ಅಷ್ಟೇ. ನಮ್ಮ ತೋಟದ ರಸ್ತೆಯ ತಿರುವುಗಳನ್ನ ನೋಡಿಯೇ ಅಳತೆ ತಗೊಂಡಿದ್ರೇನೋ ಅನ್ಸುತ್ತೆ.

ಯುದ್ಧ ಮುಗಿದಮೇಲೆ ಸೇನೆಗೆ ಬೇಡವಾದ ಜೀಪುಗಳು ಡಿಸ್ಪೋಸಲ್‌ನಲ್ಲಿ ಮಾರಾಟಕ್ಕೆ ಬಂದವು. ಅಂದರೆ ನಮ್ಮ ದೇಶದ ಜನಸಾಮಾನ್ಯರ ಕೈಗೆ ಜೀಪು ಮೊದಲು ಬಂದದ್ದೇ ಸೆಕೆಂಡ್ ಹ್ಯಾಂಡ್ ಆಗಿ! ಅದೇ ಹೊತ್ತಿಗೆ, 1945ರಲ್ಲಿ, ಮಹೀಂದ್ರ ಸಹೋದರರು ಮಲಿಕ್ ಗುಲಾಮ್ ಮೊಹಮ್ಮದ್ ಜೊತೆ ಸೇರಿ ಮಹೀಂದ್ರ ಅಂಡ್ ಮೊಹಮ್ಮದ್ ಅನ್ನೋ ಕಂಪನಿ ಶುರು ಮಾಡಿದ್ದರು. ದೇಶ ವಿಭಜನೆ ಆದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯ್ತು. 1940ರ ದಶಕದ ಕೊನೆಯಲ್ಲಿ ಅವರು ವಿಲ್ಲಿಸ್ ಜೀಪಿನ ಭಾಗಗಳನ್ನ ಹಡಗಿನಲ್ಲಿ ತರಿಸಿ ಮುಂಬಯಿಯಲ್ಲಿ ಜೋಡಿಸೋಕೆ ಶುರು ಮಾಡಿದರು. ಆಮೇಲೆ ಇಲ್ಲೇ ತಯಾರಿಕೆಯೂ ಬಂತು. ಅಮೆರಿಕದಲ್ಲಿ 1953ರಲ್ಲಿ ಬಂದ ಎತ್ತರ ಬಾನೆಟ್ಟಿನ ಸಿಜೆ-3ಬಿ ಅಲ್ಲಿ ನಿಂತುಹೋದ ಮೇಲೂ ಇಲ್ಲಿ ದಶಕಗಳ ಕಾಲ ನಡೀತು. ನಮ್ಮ ಹಿರಿಯರು 'ಜೀಪು' ಅಂದಾಗ ಅವರ ಕಣ್ಮುಂದೆ ಬರೋದು ಅದೇ ಮುಖ.

ಪೆಟ್ರೋಲ್ ದುಬಾರಿ ಆಗ್ತಾ ಆಗ್ತಾ ಡೀಸೆಲ್ ಎಂಜಿನ್ ಬಂತು. ತಮ್ಮ ನೋಡಿದ್ದ ಎಂಎಂ 540 ಆ ಪೈಕಿಯದು, 1980ರ ದಶಕದಲ್ಲಿ ಶುರುವಾದ ಮಾಡೆಲ್. ಫ್ರಾನ್ಸಿನ ಪ್ಯೂಜೋ ಕಂಪನಿಯ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್. ಓಡೋಕೆ ನಿಧಾನ, ಆದರೆ ಲೋ ಗೇರ್ ಹಾಕಿದರೆ ಮಳೆಗಾಲದ ಕೆಸರಲ್ಲೂ ಏರು ಹತ್ತುತ್ತೆ.

ಮಾರನೇ ದಿನ ಮುಡಿಗೆರೆಗೆ ಹೋದ್ವಿ. ಜೊತೆಗೆ ಬಂದ ಮೆಕ್ಯಾನಿಕ್ ಮೊದಲು ಗಾಡಿ ಕೆಳಗೆ ತೂರಿಕೊಂಡು ಚಾಸಿಯನ್ನ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕೇಳಿದ. ಶಬ್ದ ಗಟ್ಟಿ ಇದ್ದರೆ ಕಬ್ಬಿಣ, ಮಂಕಾದರೆ ತುಕ್ಕು. ಆಮೇಲೆ ಏರಿನಲ್ಲಿ ನಿಲ್ಲಿಸಿ ಫೋರ್ ವೀಲ್ ಹಾಕಿ ನೋಡಿದ. "ಗಾಡಿ ಚೆನ್ನಾಗಿದೆ" ಅಂದ. ತಮ್ಮನ ಮುಖ ಅರಳಿತು. ನಾನು ಸುಮ್ನೆ ಆರ್.ಸಿ. ಕೇಳಿದೆ. 1996ರ ಗಾಡಿ, ನೋಂದಣಿ ಸ್ವಂತ ಬಳಕೆಗೆ. ಬಿಳಿ ಬೋರ್ಡು.

ಅಲ್ಲಿಗೆ ನನಗೆ ನೆನಪಾದದ್ದು ನಮ್ಮೂರಿನದೇ ಒಂದು ಹಳೇ ಕಥೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬರ ಬಿಳಿ ಬೋರ್ಡಿನ ಜೀಪು ಬಾಡಿಗೆಗೆ ಹೋಗಿ ಮಗುಚಿತ್ತು. ಪುಣ್ಯಕ್ಕೆ ಜೀವ ಹೋಗಲಿಲ್ಲ, ಆದರೆ ಒಬ್ಬರ ಕಾಲು ಮುರೀತು. ಬಾಡಿಗೆ ಅಂತ ಗೊತ್ತಾದ ಕೂಡಲೇ ವಿಮೆಯವರು ತಕರಾರು ತೆಗೆದರು. ಪರಿಹಾರ ಕೊಡೋಕೆ ಆ ಮನೆಯವರು ತೋಟದ ಒಂದು ಭಾಗ ಮಾರಿದರು.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ದುಡ್ಡು ತಗೊಂಡು ಜನರನ್ನ ಕೂರಿಸಿಕೊಂಡು ಹೋಗೋಕೆ ಪರ್ಮಿಟ್ ಬೇಕು, ಹಳದಿ ಬೋರ್ಡು ಬೇಕು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ವಿಮೆಯೂ ಅದಕ್ಕೆ ತಕ್ಕದ್ದೇ ಇರಬೇಕು.

ಜೀಪಿನ ಚರಿತ್ರೆ ಓದಿದವನಿಗೆ ಇದು ವಿಚಿತ್ರ ಅನ್ಸುತ್ತೆ. ಯುದ್ಧಕ್ಕೆ ಅಂತ ಹುಟ್ಟಿದ ಗಾಡಿ ಗೊಬ್ಬರ ಹೊತ್ತಿದೆ, ಆಳುಗಳನ್ನ ಹೊತ್ತಿದೆ, ರಾತ್ರಿ ಹೊತ್ತು ಹೆರಿಗೆ ನೋವಿನವರನ್ನ ಆಸ್ಪತ್ರೆಗೆ ಮುಟ್ಟಿಸಿದೆ. ಯಾವ ಕೆಲಸಕ್ಕೂ ಅದು ಇಲ್ಲ ಅಂದಿಲ್ಲ. ಅದಕ್ಕೇ ನಾವು ಮೋಸ ಹೋಗೋದು. ಗಾಡಿ ಒಪ್ಪಿದ್ದನ್ನೆಲ್ಲ ಅದರ ಕಾಗದ ಒಪ್ಪೋಲ್ಲ. ಚಾಸಿಯನ್ನ ತಟ್ಟಿ ನೋಡೋ ನಾವು ಆರ್.ಸಿ.ಯನ್ನ ಕೊನೆಗೆ ಕೇಳ್ತೀವಿ.

ತಮ್ಮನಿಗೆ ಹೇಳಿದೆ, "ಇಷ್ಟು ಹಳೇ ಗಾಡಿಯನ್ನ ಹಳದಿ ಬೋರ್ಡಿಗೆ ಬದಲಾಯಿಸಿ ಕೊಡ್ತಾರಾ ಅಂತ ಆರ್.ಟಿ.ಒ. ಆಫೀಸಲ್ಲಿ ಕೇಳಿ ಬಾ, ಆಮೇಲೆ ಅಡ್ವಾನ್ಸ್ ಕೊಡು ಮಾರಾಯ." ಅವನಿಗೆ ಸಿಟ್ಟು ಬಂತು. ಕಳಸ ಮುಟ್ಟೋವರೆಗೂ ಮಾತಾಡಲಿಲ್ಲ.

ಆ ಜೀಪನ್ನ ಬೇರೆ ಯಾರೋ ತಮ್ಮ ತೋಟಕ್ಕೆ ಅಂತ ಕೊಂಡರಂತೆ. ಅವರಿಗೆ ಅದು ಒಳ್ಳೇ ವ್ಯಾಪಾರವೇ. ತಮ್ಮ ಇನ್ನೂ ಹುಡುಕ್ತಿದಾನೆ. ಹಳದಿ ಬೋರ್ಡಿನದಕ್ಕೆ ರೇಟು ಜಾಸ್ತಿ ಅಂತ ಫೋನ್ ಮಾಡಿದಾಗೆಲ್ಲ ಗೊಣಗ್ತಾನೆ. ಗೊಣಗಲಿ ಬಿಡಿ. ಚಿಕ್ಕಮ್ಮನ ಬಳೆ ಕೈಯಲ್ಲೇ ಇದೆ.