ಮುಪ್ಪಿನ ಹಣದಲ್ಲಿ ಮುಲುಂಡಿನ ಮನೆ

ಮುಂಬಯಿ ಕನ್ನಡಿಗರ ಚರಿತ್ರೆ ಎಂದರೆ ಹೋಟೆಲು, ರಾತ್ರಿಶಾಲೆ, ಸಂಘ, ಯಕ್ಷಗಾನ ಎಂದು ಬರೆಯುತ್ತೇವೆ. ಈ ಊರಲ್ಲಿ ನಾವು ಮನೆ ಮಾಡಿದ್ದು ಹೇಗೆ ಎಂದು ಬರೆಯುವುದು ಕಡಿಮೆ. ಮುಲುಂಡಿನ ನನ್ನ ನೆರೆಯ ಹಿರಿಯರನ್ನು ಕೇಳಿದರೆ ಆ ಕಥೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: ಪಿ.ಎಫ್.

ಮೊದಲು ವಲಸಿಗನಿಗೆ ಸಿಗುತ್ತಿದ್ದದ್ದು ಬಾಡಿಗೆಯ ಖೋಲಿ. 1915ರಲ್ಲಿ ಕೆನರಾದಿಂದ ಬಂದ ಸಾರಸ್ವತರು ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳುತನದಲ್ಲಿ ಗಾಮ್‌ದೇವಿಯಲ್ಲಿ ಸಹಕಾರಿ ಗೃಹ ಸಂಘ ಕಟ್ಟಿದರು. ಅಲ್ಲಿ ಕಟ್ಟಡ ಸಂಘದ್ದು, ವಾಸ ಸದಸ್ಯನದು. 1947ರ ಬಾಡಿಗೆ ಕಾನೂನಿನ ನಂತರ ಪಗಡಿ ಪದ್ಧತಿ ಬಲವಾಯಿತು. ಪಗಡಿ ಕೊಟ್ಟವನಿಗೆ ಬಾಡಿಗೆದಾರನ ಹಕ್ಕು ಸಿಕ್ಕಿತೇ ಹೊರತು ಮಾಲಿಕತ್ವ ಸಿಗಲಿಲ್ಲ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆ, 1963ರ ಓನರ್‌ಶಿಪ್ ಫ್ಲ್ಯಾಟ್ ಕಾಯ್ದೆ ಬಂದಮೇಲೆ ಫ್ಲ್ಯಾಟು ಸಂಬಳದವನೂ ಕೊಳ್ಳಬಹುದಾದ ವಸ್ತುವಾಯಿತು.

ಅಷ್ಟರಲ್ಲಿ 1952ರ ಭವಿಷ್ಯನಿಧಿ ಕಾಯ್ದೆ ಬಂದಾಗಿತ್ತು. ಆರಂಭದಲ್ಲಿ ಅದು ಸಿಮೆಂಟ್, ಸಿಗರೇಟ್, ಎಂಜಿನಿಯರಿಂಗ್, ಉಕ್ಕು, ಕಾಗದ, ಜವಳಿ ಈ ಆರು ಉದ್ಯಮಗಳಿಗೆ ಮಾತ್ರ. ಮುಂದೆ ವ್ಯಾಪ್ತಿ ಹಿಗ್ಗಿದರೂ ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದ ಸಣ್ಣ ಹೋಟೆಲುಗಳು ಹೊರಗೇ ಉಳಿದವು. ಹಾಗಾಗಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಮುಲುಂಡ್, ಭಾಂಡುಪ್, ಠಾಣೆಯ ಕಾರ್ಖಾನೆ ಸೇರಿದ ಹುಡುಗನಿಗೆ ಪಿ.ಎಫ್. ನಂಬರು ಎಂದರೆ ನಗರದಲ್ಲಿ ಬೇರು ಸಿಕ್ಕಂತೆ.

ಯೋಜನೆಯ 68ಬಿ ನಿಯಮ ಐದು ವರ್ಷ ಸದಸ್ಯನಾದವನಿಗೆ ಮನೆಗಾಗಿ ಹಣ ತೆಗೆಯಲು ಬಿಟ್ಟಿತು. ಮಿತಿ 36 ತಿಂಗಳ ಸಂಬಳ, ಖಾತೆಯ ಮೊತ್ತ, ಮನೆಯ ಬೆಲೆ, ಇವುಗಳಲ್ಲಿ ಕಡಿಮೆ ಇದ್ದುದು. 1977ರಲ್ಲಿ ಎಚ್‌ಡಿಎಫ್‌ಸಿ ಹುಟ್ಟಿ ಗೃಹಸಾಲದ ದಾರಿಯೂ ತೆರೆಯಿತು. ಆದರೆ ಸಾಲ ಪೂರ್ತಿ ಬೆಲೆಗೆ ಸಿಗದು. ಕೈಯಿಂದ ಹಾಕಬೇಕಾದ ಪಾಲಿಗೆ ಊರಿನ ಗದ್ದೆ ಮಾರುವುದನ್ನೋ ಹೆಂಡತಿಯ ಬಳೆ ಅಡವಿಡುವುದನ್ನೋ ಎಷ್ಟೋ ಮನೆಗಳಲ್ಲಿ ತಪ್ಪಿಸಿದ್ದು ಈ ಪಿ.ಎಫ್. ಹಣ.

ಇದಕ್ಕೆ ತೆತ್ತ ಬೆಲೆಯೂ ಇದೆ. ಈಗಿನ ಶೇ. 8.25 ಬಡ್ಡಿಯೇ ಉಳಿದರೆ, 35ರ ವಯಸ್ಸಿನಲ್ಲಿ ತೆಗೆದ 5 ಲಕ್ಷ ಖಾತೆಯಲ್ಲೇ ಇದ್ದಿದ್ದರೆ 58ಕ್ಕೆ ಸುಮಾರು 31 ಲಕ್ಷವಾಗುತ್ತಿತ್ತು. 1995ರ ಪಿಂಚಣಿ ಯೋಜನೆಯ ಕನಿಷ್ಠ ಪಿಂಚಣಿ ತಿಂಗಳಿಗೆ 1000 ರೂಪಾಯಿ. ನಮ್ಮ ಹಿರಿಯರಲ್ಲಿ ಕೆಲವರು ಕೋಟಿ ಬೆಲೆಯ ಫ್ಲ್ಯಾಟಿನಲ್ಲಿ ಕುಳಿತು ಸೊಸೈಟಿಯ ಮೇಂಟೆನೆನ್ಸಿಗೆ ಮಕ್ಕಳ ಕೈ ನೋಡುತ್ತಾರೆ. ಮನೆಯಿಲ್ಲದಿದ್ದರೆ ಬಾಡಿಗೆಗೂ ಕೈ ಚಾಚಬೇಕಿತ್ತು ಎಂಬುದೂ ಅಷ್ಟೇ ನಿಜ.

ಸಿಂಗಾಪುರ 1968ರಿಂದಲೇ ಸಿಪಿಎಫ್ ಉಳಿತಾಯದಲ್ಲಿ ಸರ್ಕಾರಿ ಫ್ಲ್ಯಾಟು ಕೊಳ್ಳಲು ಬಿಟ್ಟಿದೆ. ಆದರೆ ಅಲ್ಲಿ ಮನೆ ಮಾರಿದಾಗ ಆ ಹಣ ಬಡ್ಡಿ ಸಮೇತ ಖಾತೆಗೆ ಮರಳಬೇಕು. ನಮ್ಮಲ್ಲಿ ಬಾಗಿಲು ಅಗಲವಾಗುತ್ತಲೇ ಬಂತು. 2017ರಲ್ಲಿ, ಕನಿಷ್ಠ ಹತ್ತು ಸದಸ್ಯರ ಗೃಹ ಸಂಘ ಸೇರಿದವರಿಗೆ ಮೂರು ವರ್ಷದ ಸದಸ್ಯತ್ವಕ್ಕೇ ಶೇ. 90ರವರೆಗೆ ತೆಗೆಯಲು ಅವಕಾಶವಾಯಿತು. 2025ರ ಅಕ್ಟೋಬರಿನಲ್ಲಿ ಕೇಂದ್ರೀಯ ಟ್ರಸ್ಟಿಗಳ ಮಂಡಳಿ ಸೇವಾವಧಿಯನ್ನು 12 ತಿಂಗಳಿಗೆ ಇಳಿಸಲು, ಜೊತೆಗೆ ಶೇ. 25ನ್ನು ಖಾತೆಯಲ್ಲೇ ಉಳಿಸಲು ತೀರ್ಮಾನಿಸಿತು.

ಹೊಸದಾಗಿ ಬಂದ ತಮ್ಮಂದಿರು, ತಂಗಿಯರು ಕೇಳಿದಾಗ ನಾನು ಹೇಳುವುದಿಷ್ಟೇ: ಮನೆಗೆ ಪಿ.ಎಫ್. ತೆಗೆಯಿರಿ, ಆದರೆ ಅದನ್ನು ಸಾಲವೆಂದೇ ತಿಳಿಯಿರಿ. ಕಾನೂನು ಮರಳಿ ತುಂಬಿ ಎಂದು ಕೇಳುವುದಿಲ್ಲ, ನೀವೇ ಕೇಳಿಕೊಳ್ಳಬೇಕು. ಶೇ. 12ರ ಮೇಲೆ ಸ್ವಂತ ಇಚ್ಛೆಯಿಂದ ಕಟ್ಟಲು ದಾರಿ ಇದೆ. ಸಂಬಳ ಏರಿದಾಗಲೆಲ್ಲ ಒಂದಿಷ್ಟು ಅಲ್ಲಿಗೆ ಹೋಗಲಿ.