ಹತ್ತಿಯ ಸಲುವಾಗಿ ಎರಡಾದ ಕರಾವಳಿ

ರಾಜಾಜಿನಗರದಲ್ಲಿ ಕುಳಿತು ಭೂಪಟ ನೋಡುವ ನಮಗೆ ಕನ್ನಡ ಕರಾವಳಿ ಒಂದೇ ಉದ್ದನೆಯ ಪಟ್ಟಿಯಂತೆ ಕಾಣುತ್ತದೆ. 1799ರಲ್ಲಿ ಟಿಪ್ಪುವಿನ ಪತನಾನಂತರ ಬ್ರಿಟಿಷರ ಕೈಸೇರಿದಾಗ ಅದು 'ಕೆನರಾ' ಎಂಬ ಒಂದೇ ಜಿಲ್ಲೆಯಾಗಿ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಹಾಗಾದರೆ ಉತ್ತರ, ದಕ್ಷಿಣ ಎಂದು ಒಡೆದದ್ದೇಕೆ? ಇದಕ್ಕೆ ಉತ್ತರ ಭೂಗೋಳದಲ್ಲಿದೆ. ಸ್ವಲ್ಪ ಭಾಗ ಇಂಗ್ಲೆಂಡಿನಲ್ಲಿದೆ.

ಉತ್ತರ ಕನ್ನಡದಲ್ಲಿ ಸಹ್ಯಾದ್ರಿ ಸಮುದ್ರದ ತೀರಾ ಸಮೀಪಕ್ಕೆ ಬರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟವಿಳಿದು ಅಗಲವಾದ ಅಳಿವೆಗಳಲ್ಲಿ ಕಡಲು ಸೇರುತ್ತವೆ. ನಡೆದು ಹೋಗುವವನಿಗೆ ಅಳಿವೆ ಅಡ್ಡಿ, ದೋಣಿಯವನಿಗೆ ಆಸರೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರಗಳ ಅಡಿಕೆ, ಕಾಳುಮೆಣಸಿನ ತೋಟಗಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಸಂಪತ್ತಿನಿಂದಲೇ. ಅಲ್ಲಿಂದ ಇನ್ನೂ ಪೂರ್ವಕ್ಕೆ ಸರಿದರೆ ಧಾರವಾಡದ ಎರೆಭೂಮಿ, ಹತ್ತಿಯ ಸೀಮೆ. ಆ ಹತ್ತಿ ಘಟ್ಟವಿಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿತ್ತು. ಹೀಗಾಗಿ ಹತ್ತಿಯ ಸೀಮೆಯೇ ಅಲ್ಲದ ಕುಮಟೆಯ ಹೆಸರು ಪೇಟೆಯಲ್ಲಿ ಒಂದು ಹತ್ತಿಗೆ ಅಂಟಿಕೊಂಡು 'ಕುಂಪ್ತಾ' ಆಯಿತು!

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅಲ್ಲಿನ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು, ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಗಾಗಿ ಪರದಾಡತೊಡಗಿದವು. ಹತ್ತಿ ಬೆಳೆಯುವ ಧಾರವಾಡ ಮುಂಬಯಿಯ ಆಡಳಿತದಲ್ಲಿ, ಅದನ್ನು ಸಾಗಿಸುವ ಬಂದರು ಮದ್ರಾಸಿನ ಆಡಳಿತದಲ್ಲಿ! ಹತ್ತಿ ವ್ಯಾಪಾರದ ಹಿತಾಸಕ್ತಿಗಳು ಒತ್ತಡ ತಂದವು. 1862ರಲ್ಲಿ ಕೆನರಾದ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಇಲ್ಲಿನ ಜನರನ್ನು ಯಾರು ಕೇಳಬೇಕಿತ್ತು?

ಕಾರವಾರವನ್ನು ದೊಡ್ಡ ಬಂದರು ಮಾಡುವ ಆಸೆ ಮಾತ್ರ ಕೈಗೂಡಲಿಲ್ಲ. 1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಇಳಿಯಿತು. ಕಾರವಾರ ಕಾಯುತ್ತಿದ್ದ ರೈಲು 1880ರ ದಶಕದಲ್ಲಿ ಪೋರ್ಚುಗೀಸರ ಮೊರ್ಮುಗೋವಾ ಬಂದರಿಗೆ ಇಳಿಯಿತು. ಅದು ಘಟ್ಟವಿಳಿಯುವ ಕ್ಯಾಸಲ್‌ರಾಕ್ ಇರುವುದು ಇದೇ ಉತ್ತರ ಕನ್ನಡದಲ್ಲಿ ಎಂಬುದು ವಿಪರ್ಯಾಸ. ಕಾರವಾರ ರೈಲು ಕಂಡದ್ದು 1990ರ ದಶಕದಲ್ಲಿ, ಕೊಂಕಣ ರೈಲ್ವೆಯಿಂದ. ಹುಬ್ಬಳ್ಳಿ-ಅಂಕೋಲಾ ಮಾರ್ಗ ಇನ್ನೂ ಪೂರ್ಣಗೊಂಡಿಲ್ಲ; ಅದಕ್ಕೆ ಅಡ್ಡ ನಿಂತದ್ದು ಘಟ್ಟದ ಕಾಡಿನ ಪ್ರಶ್ನೆ. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತು ಉಳಿಸಲು ಹೊರಟದ್ದೂ ಇದೇ ಸಹ್ಯಾದ್ರಿಯ ಕಾಡನ್ನೇ. ವಿಜ್ಞಾನ ಓದಿದ ನನಗೆ ಆ ಕಾಡು ರೈಲಿಗಿಂತ ದೊಡ್ಡ ಆಸ್ತಿಯಾಗಿ ಕಾಣುತ್ತದೆ. ಹುಬ್ಬಳ್ಳಿಯ ವರ್ತಕರು ಒಪ್ಪಲಿಕ್ಕಿಲ್ಲ.

ಮುಂಬಯಿಯ ಆಡಳಿತ 94 ವರ್ಷ ನಡೆಯಿತು. ಆದರೂ 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಅದು ಇಡೀ ಕನ್ನಡ ನಾಡಿನ ಹೋರಾಟವಾಗಿತ್ತು. 1956ರ ನವೆಂಬರ್ 1ರಂದು ಉತ್ತರ, ದಕ್ಷಿಣ ಎರಡೂ ಮೈಸೂರು ರಾಜ್ಯದಲ್ಲಿ ಒಂದಾದವು. ಅದೇ ದಿನ ದಕ್ಷಿಣದ ತುದಿಯಲ್ಲಿದ್ದ ಕಾಸರಗೋಡು ಕೇರಳದ ಪಾಲಾಯಿತು.